ಬರೀ ನೀರು ಕುದಿಸಿದ ಹಂಡೆ

ಆ ಪರದೆಯನ್ನು ಹೊಲಿದವಳು ನಾನು. ಹತ್ತಿಕಾಳಿನ ಆರು ಗೋಣಿಚೀಲ ಬಿಚ್ಚಿ, ದಬ್ಬಣ ಹಿಡಿದು, ಒಂದು ಮಧ್ಯಾಹ್ನ ಕೂತು ಹೊಲಿದೆ. ಹೊಲಿಗೆ ಗಟ್ಟಿಯಾಗಿಯೇ ಇತ್ತು. ಐದು ವರ್ಷ ಒಂದು ಎಳೆಯೂ ಬಿಚ್ಚಲಿಲ್ಲ. ಧಾರವಾಡದ ಕೋರ್ಟಿನಲ್ಲಿ ನಮ್ಮನ್ನು ಮುಳುಗಿಸಿದ್ದು ಆ ಪರದೆ ಮತ್ತು ನಮ್ಮ ಅಂಗಳದಲ್ಲಿದ್ದ ಒಂದು ತಾಮ್ರದ ಹಂಡೆ. ಈಗ ಈ ವಯಸ್ಸಿನಲ್ಲಿ ಬರೆಯಲು ಕೂತಿರುವುದು ಯಾರ ಮೇಲೋ ಸಿಟ್ಟು ತೀರಿಸಿಕೊಳ್ಳುವುದಕ್ಕಲ್ಲ. ಸಿಟ್ಟು ನನಗೆ ಹುಟ್ಟಿನಿಂದಲೇ ಬಂದದ್ದು, ಅದು ತೀರುವಂಥದ್ದಲ್ಲ. ಮಾಡಿದ್ದನ್ನು ಮಾಡಿದವಳೇ ಹೇಳಬೇಕು ಅನ್ನಿಸಿತು, ಅಷ್ಟೆ.

ನನ್ನ ತವರು ನವಲಗುಂದ. ಅಪ್ಪ ಬಟ್ಟೆಗೆ ಮರದ ಅಚ್ಚಿನಿಂದ ಬಣ್ಣ ಹೊಡೆಯುತ್ತಿದ್ದರು. ಮಾತು ಬರುವ ಮೊದಲೇ ನನಗೆ ಬಣ್ಣ ಕಲಸುವುದು ಬರುತ್ತಿತ್ತೆಂದು ಅವ್ವ ಹೇಳುತ್ತಿದ್ದಳು. ಮದುವೆಯಾಗಿ ಅಣ್ಣಿಗೇರಿಗೆ ಬಂದೆ. ನಮ್ಮ ಮನೆಯವರು ಅಲ್ಲಿಯ ಜಿನ್ನಿನಲ್ಲಿ, ಅಂದರೆ ಹತ್ತಿಯಿಂದ ಕಾಳು ಬಿಡಿಸುವ ಗಿರಣಿಯಲ್ಲಿ, ಫಿಟ್ಟರ್. ಜಿನ್ನು ನಡೆಯುತ್ತಿದ್ದದ್ದು ಹತ್ತಿ ಬರುವ ತಿಂಗಳುಗಳಲ್ಲಿ ಮಾತ್ರ. ಮಳೆ ಹಿಡಿದರೆ ಬಾಗಿಲು ಹಾಕುತ್ತಿದ್ದರು. ಆ ಖಾಲಿ ದಿನಗಳಲ್ಲಿ ಕೈಕಟ್ಟಿ ಕೂರುವುದು ಅವರಿಂದಾಗದು, ಬಾಯಿ ಮುಚ್ಚಿ ಕೂರುವುದು ನನ್ನಿಂದಾಗದು. ತವರಿನಿಂದ ಅಚ್ಚುಗಳನ್ನು ತಂದು, ಹಿತ್ತಿಲ ತಗಡಿನ ಶೆಡ್ಡಿನಲ್ಲಿ ಮೇಜು ಹಾಕಿ, ಸೀರೆ, ಚಾದರಗಳಿಗೆ ಅಚ್ಚು ಹೊಡೆಯತೊಡಗಿದೆವು. ಬಣ್ಣ ನನ್ನದು, ಕಬ್ಬಿಣ ಅವರದು ಎಂದು ತಮಾಷೆ ಮಾಡುತ್ತಿದ್ದೆ.

ಅಚ್ಚು ಹೊಡೆಯುವುದು ದೊಡ್ಡ ಮಾತಲ್ಲ. ಹೊಡೆದ ಬಣ್ಣ ನಿಲ್ಲಬೇಕು, ಅದು ಕಷ್ಟ. ನಿಲ್ಲಬೇಕೆಂದರೆ ಉಗಿ ಕೊಡಬೇಕು. ತವರಿನಲ್ಲಿ ದೊಡ್ಡ ಹಂಡೆಯಲ್ಲಿ ನೀರು ಕುದಿಸಿ, ಅಚ್ಚಾದ ಬಟ್ಟೆಯನ್ನು ಹಳೆಯ ಅರಿವೆಯಲ್ಲಿ ಸುತ್ತಿ, ನೀರಿಗೆ ತಾಗದಂತೆ ಒಳಗೆ ತೂಗಿಬಿಟ್ಟು, ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಎರಡು ಮೂರು ತಾಸು ಇಡುತ್ತಿದ್ದರು. ಸುರುಳಿಯ ಹೊರಪದರಕ್ಕೆ ಸಿಕ್ಕ ಉಗಿ ಒಳಪದರಕ್ಕೆ ಸಿಗುತ್ತಿರಲಿಲ್ಲ. ಮುಚ್ಚಳದಿಂದ ಒಂದು ಹನಿ ಬಿದ್ದರೂ ಅಲ್ಲಿ ಬಣ್ಣ ಹರಡಿ, ಹೂವು ಹೋಗಿ ಕಲೆಯಾಗುತ್ತಿತ್ತು. ನಮ್ಮ ಮೊದಲ ವರ್ಷದ ಸೀರೆಗಳಲ್ಲಿ ಅರ್ಧಕ್ಕರ್ಧ ಹಾಗೇ ಹಾಳಾದವು. ನಾನು ಹಂಡೆಯನ್ನು ಬಯ್ಯುತ್ತಿದ್ದೆ, ಅವರು ಹಂಡೆಯನ್ನೇ ನೋಡುತ್ತ ಕೂರುತ್ತಿದ್ದರು.

ಜಿನ್ನಿಗೆ ಹತ್ತಿಯ ಗಾಡಿ ಬಂದು ನಿಂತರೆ ಮೇಲಿನಿಂದ ಒಂದು ದಪ್ಪ ತಗಡಿನ ಕೊಳವೆ ಇಳಿಬಿಡುತ್ತಿದ್ದರು. ಆಚೆ ತುದಿಯಲ್ಲಿ ಒಂದು ಫ್ಯಾನು. ಅದು ತಿರುಗಿದರೆ ಗಾಡಿಯಲ್ಲಿನ ಹತ್ತಿಯೆಲ್ಲ ಕೊಳವೆಯೊಳಗೆ ಸರಸರ ಏರಿ ಮಾಳಿಗೆ ಸೇರುತ್ತಿತ್ತು. ಹದಿನೈದು ವರ್ಷ ದಿನಾ ನೋಡಿದ ಆ ಕೊಳವೆಯನ್ನು ಅವರು ಒಂದು ದಿನ ಬೇರೆ ಕಣ್ಣಿನಿಂದ ನೋಡಿ ಮನೆಗೆ ಬಂದರು. ಕೈಕಾಲು ಸಹ ತೊಳೆಯದೆ ಹೇಳಿದ ಮಾತು ನನಗೆ ಹಾಗೇ ನೆನಪಿದೆ. "ಉಗೀನ ಬಟ್ಟಿ ಮ್ಯಾಲ ತಳ್ಳೂದ ಯಾಕ? ಕೆಳಗಿಂದ ಎಳಕೊಳ್ಳೂಣು."

ನಮ್ಮ ರಾಜ್ಯಕ್ಕೆ ಹೊಸ ಹೆಸರು ಬಂದ ಮರುವರ್ಷ ಅದು. ಕಬ್ಬಿಣದ ಹಾಳೆಗೆ ಸಾಲಾಗಿ ತೂತು ಕೊರೆದು ಮೇಜು ಮಾಡಿದರು. ಅದರ ಕೆಳಗೆ ಮುಚ್ಚಿದ ಪೆಟ್ಟಿಗೆ, ಪೆಟ್ಟಿಗೆಯ ಬದಿಗೆ ಜಿನ್ನು ಎಸೆದಿದ್ದ ಹಳೆಯ ಫ್ಯಾನು. ಬಟ್ಟೆಯನ್ನು ತೂತಿನ ಹಾಳೆಯ ಮೇಲೆ ಹರವಿ, ಮೇಲಿನಿಂದ ತಗಡಿನ ಟೋಪಿ ಇಳಿಸಿ ಉಗಿ ಬಿಡುವುದು. ಕೆಳಗಿನಿಂದ ಫ್ಯಾನು ಆ ಉಗಿಯನ್ನು ಬಟ್ಟೆಯ ಎಳೆಎಳೆಯ ನಡುವಿನಿಂದ ಎಳೆದುಕೊಳ್ಳುವುದು. ಉಗಿಯ ಪೈಪು ಶೆಡ್ಡಿನ ಹಿಂಬದಿಗೆ ಹಳೆಯ ಡ್ರಮ್ಮಿನಿಂದ ಮಾಡಿಕೊಂಡ ಬಾಯ್ಲರಿನಿಂದ ನೇರವಾಗಿ ಬರಬೇಕಿತ್ತು, ಆದರೆ ಗೋಡೆಯ ತೊಲೆ ಅಡ್ಡ ಬಂತು. ಅವರು ಪೈಪನ್ನು ಕೆಳಗೆ ಬಾಗಿಸಿ, ತೊಲೆ ದಾಟಿಸಿ, ಮತ್ತೆ ಮೇಲಕ್ಕೆತ್ತಿದರು. ಆ ಬಾಗು ನೋಡಿ ನಾನು ನಕ್ಕಿದ್ದೆ, ಮುದುಕರ ಬೆನ್ನಿನ ಹಾಗಿತ್ತು. ಬಾಗಿದಲ್ಲಿ ನೀರು ನಿಂತು ತುಕ್ಕು ಹಿಡಿದೀತೆಂದು ಅದಕ್ಕೊಂದು ತಿರುಪು ಹಾಕಿ ದಿನಾ ಬೆಳಿಗ್ಗೆ ನೀರು ಬಿಡುತ್ತಿದ್ದರು.

ಮೂರು ತಾಸಿನ ಕೆಲಸ ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಯಿತು. ಬಟ್ಟೆಯನ್ನು ಬಾವಿಯ ನೀರಿನಲ್ಲಿ ಜಾಲಾಡಿದೆ, ಹಿಂಡಿದೆ, ಕಲ್ಲಿಗೆ ಬಡಿದೆ. ನೀರು ತಿಳಿಯಾಗಿಯೇ ಇತ್ತು. ಅಷ್ಟು ಸಂತೋಷ ನನಗೆ ಮಕ್ಕಳು ಹುಟ್ಟಿದಾಗಲೂ ಆಗಿರಲಿಲ್ಲ. ಮಕ್ಕಳು ಇದನ್ನು ಓದಿದರೆ ಓದಲಿ. ಬಟ್ಟೆಯ ಹಿಂಬದಿಯಲ್ಲಿ ಮಾತ್ರ ತೂತಿನ ಸಾಲುಗಳ ಗುರುತು ಸಣ್ಣ ಚುಕ್ಕೆಗಳಾಗಿ ಮೂಡಿದ್ದವು. ಆಮೇಲೆ ಹಾಳೆಯ ಮೇಲೆ ಕಂಬಳಿ ಹಾಸಿ ಅದನ್ನೂ ಹೋಗಲಾಡಿಸಿದರು. ಚುಕ್ಕೆಯಿದ್ದ ಆ ಮೊದಲ ಹಸಿರು ಚಾದರವನ್ನು ಯಮನೂರಿನ ದರ್ಗಾಕ್ಕೆ ಒಪ್ಪಿಸಿ ಬಂದೆವು, ಹರಕೆ ಇತ್ತು.

ಆ ವಾರವೇ ಕೇಡು ಬಂತು. ನಮ್ಮ ನಾದಿನಿ ಊರಿನಿಂದ ಬಂದವಳು ಯಂತ್ರ ನೋಡಿ, ನಮ್ಮಣ್ಣನ ತಲೆಗೆ ಸಮ ಯಾರಿದ್ದಾರೆ ಎಂದು ಕೆನ್ನೆಗೆ ಕೈಯಿಟ್ಟು ಹೊಗಳಿ ಹೋದಳು. ಮರುದಿನ ಫ್ಯಾನಿನ ಬೆಲ್ಟು ಹರಿದು ಇವರ ಬಲಗೈಗೆ ಬಡಿದು ಎರಡು ಬೆರಳು ಮುರಿದವು. ಊರಿನಲ್ಲಿದ್ದ ಅತ್ತೆ ಸುದ್ದಿ ಕೇಳಿ ಒಂದೇ ಮಾತು ಹೇಳಿದರು, ಕಣ್ಣು ಬಿದ್ದಿದೆ. ಆ ನಾದಿನಿ ಮುಂದಿನ ವರ್ಷ ಹೆರಿಗೆಯಲ್ಲಿ ತೀರಿಕೊಂಡಳು. ನೋಡಿದ್ದೇನೆಂದು ಹೇಳಲು ಆಮೇಲೆ ಅವಳೂ ಉಳಿಯಲಿಲ್ಲ. ನಾನು ನಂಬುವವಳೋ ಅಲ್ಲವೋ ಎಂದು ಯಾರಾದರೂ ಈಗ ಕೇಳಿದರೆ ಉತ್ತರ ಗೊತ್ತಿಲ್ಲ. ಊದಿದ ಆ ಬೆರಳುಗಳನ್ನು ನೋಡಿದಾಗ ಮಾತ್ರ ಪೂರ್ತಿ ನಂಬಿದ್ದೆ. ಬಾಗಿಲಿಗೆ ಬೂದುಗುಂಬಳ ಕಟ್ಟಿದೆ, ಯಂತ್ರಕ್ಕೆ ಹಳೆಯ ಕೆರ ತೂಗಿಬಿಟ್ಟೆ. ಸಮಾಧಾನವಾಗದೆ ಪರದೆ ಹೊಲಿದೆ. ಇವರ ಕೈಯನ್ನು ನನ್ನ ತಲೆಯ ಮೇಲಿಡಿಸಿ ಆಣೆ ಮಾಡಿಸಿಕೊಂಡೆ, ಈ ಪರದೆಯ ಹಿಂದೆ ನಮ್ಮಿಬ್ಬರ ಹೊರತು ಮೂರನೆಯವರು, ಮಕ್ಕಳು ಸಹ, ಬರಕೂಡದು. ಅವರು ನಕ್ಕರು. ನಕ್ಕರೂ ಆಣೆ ಮಾಡಿದರು, ಮಾಡಿದ ಮೇಲೆ ಕಾಪಾಡಿದರು. ಜಿನ್ನಿನ ಮಾಲೀಕರು ಆ ಹಳೆಯ ಫ್ಯಾನನ್ನು ಏನು ಮಾಡಿದೆ ಎಂದು ಕೇಳಿದಾಗಲೂ ಜೋಳ ತೂರುವುದಕ್ಕೆ ಎಂದು ಹೇಳಿ ಬಂದರು.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಜನ ಕೇಳುತ್ತಾರಲ್ಲ, ಬಣ್ಣ ಇಷ್ಟು ಗಟ್ಟಿ ಹೇಗೆ ನಿಲ್ಲುತ್ತದೆ ಎಂದು. ಅದಕ್ಕೆ ನಾನು ತವರಿನ ತಾಮ್ರದ ಹಂಡೆಯನ್ನು ಅಂಗಳದ ಒಲೆಯ ಮೇಲೇರಿಸಿ, ಮುಚ್ಚಳಕ್ಕೆ ಹಿಟ್ಟು ಮೆತ್ತಿ, ಬೆಂಕಿ ಹಾಕಿ ಇಟ್ಟೆ. ಒಳಗೆ ಬಟ್ಟೆಯಿಲ್ಲ, ಬರೀ ನೀರು. ಹಾದಿಯಲ್ಲಿ ಹೋಗುವವರಿಗೆ ಕಾಣುವಂತೆ ದಿನಾ ಬರೀ ನೀರು ಕುದಿಸಿದೆ. ಕೇಳಿದವರಿಗೆಲ್ಲ ಒಂದೇ ಉತ್ತರ: "ಹಂಡೇದಾಗ ಬೇಯಸ್ತೀವ್ರಿ." ಕಟ್ಟಿಗೆ ದಂಡವಾಗುತ್ತದೆ ಎಂದು ಇವರು ಗೊಣಗುತ್ತಿದ್ದರು. ನಾನು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ.

ಎರಡನೆಯ ಬೇಸಿಗೆಯಲ್ಲಿ ಆ ಮನುಷ್ಯ ಬಂದ. ದೂರದ ದೊಡ್ಡ ಊರಿನಲ್ಲಿ ಬಟ್ಟೆಯ ಯಂತ್ರಗಳನ್ನು ಮಾಡುವ ಒಂದು ಕಾರ್ಖಾನೆಯವನು. ನಮ್ಮ ಕಡೆಯ ಮಾತನ್ನೇ ಆಡುತ್ತಿದ್ದ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ನಮ್ಮ ಸೀರೆ ನೋಡಿ, ವಿಳಾಸ ಕೇಳಿಕೊಂಡು ಬಂದಿದ್ದ. ಇವರು ಜಿನ್ನಿನಲ್ಲಿದ್ದರು. ಮನೆಗೆ ಬಂದವನಿಗೆ ರೊಟ್ಟಿ ಪಲ್ಯ ಬಡಿಸಿದೆ. ಉಂಡು ಕೈ ತೊಳೆದು, ಅಂಗಳದ ಹಂಡೆಯನ್ನು ಒಂದು ಸುತ್ತು ಬಂದು ನೋಡಿ ನಕ್ಕ. ಹಂಡೆಯಲ್ಲಿ ಬೇಯಿಸಿದರೆ ಇಂಥ ಬಣ್ಣ ಬರುವುದು ನಸೀಬಿನ ಮಾತು ಎಂದ. ಆಮೇಲೆ ಹೇಳಿದ ಮಾತು ನನ್ನ ಹೊಟ್ಟೆಯೊಳಗೆ ಹೋಗಿ ಕೂತಿತು. "ಇದರಾಗ ನಿಮ್ಮ ಯಜಮಾನರದ್ದೇನೈತ್ರಿ ಹೆಚ್ಚಿಂದು? ಎಲ್ಲಾ ನಿಮ್ಮೂರ ನೀರಿನ ಗುಣ."

ನನಗೆ ಸಿಟ್ಟು ನೆತ್ತಿಗೇರಿತು. ಎರಡು ಬೆರಳು ಮುರಿದುಕೊಂಡು, ಹಬ್ಬ ಹುಣ್ಣಿಮೆ ಬಿಟ್ಟು ಕಟ್ಟಿದ ಮನುಷ್ಯನಿಗೆ ಇವನು ನೀರಿನ ಗುಣ ಎನ್ನುತ್ತಾನಲ್ಲ. ಆಣೆ, ಕುಂಬಳಕಾಯಿ, ಯಾವುದೂ ನೆನಪಾಗಲಿಲ್ಲ. "ಬರ್ರಿ ಇಲ್ಲೆ," ಅಂದೆ. "ಕಣ್ಣಿದ್ರ ನೋಡ್ರಿ." ಪರದೆಯನ್ನು ಸರ್ರನೆ ಸರಿಸಿದೆ.

ಅವನು ಬಗ್ಗಿ ಪೆಟ್ಟಿಗೆ ನೋಡಿದ, ಎದ್ದು ಟೋಪಿ ನೋಡಿದ, ಪೈಪಿನ ಬಾಗನ್ನು ಬೆರಳಿನಿಂದ ಸವರಿ ತಿರುಪು ಬಿಚ್ಚಿ ನಾಲ್ಕು ಹನಿ ನೀರು ಅಂಗೈಗೆ ಬಿಟ್ಟುಕೊಂಡ. ಹೇಗೆ ನಡೆಯುತ್ತದೆ ಎಂದು ಕೇಳಿದ. ಎಲ್ಲ ಹೇಳಿದೆ, ಎದೆ ಉಬ್ಬಿಸಿಕೊಂಡು ಹೇಳಿದೆ. ನಮಸ್ಕಾರ ಮಾಡಿ ಹೊರಟುಹೋದ. ಅವನು ಓಣಿ ದಾಟುವಷ್ಟರಲ್ಲಿ ಆಣೆ ನೆನಪಾಗಿ ಪರದೆಯನ್ನು ಮತ್ತೆ ಎಳೆದುಬಿಟ್ಟಿದ್ದೆ. ಸಂಜೆ ಇವರು ಬಂದಾಗ ಯಾರೋ ಸೀರೆ ಕೇಳಿಕೊಂಡು ಬಂದಿದ್ದರು ಎಂದಷ್ಟೇ ಹೇಳಿದೆ.

ಎರಡು ವರ್ಷ ಏನೂ ಆಗಲಿಲ್ಲ. ಆಮೇಲೆ ಅಂಚೆಯವನು ಸಹಿ ಹಾಕಿಸಿಕೊಂಡು ಒಂದು ದಪ್ಪ ಲಕೋಟೆ ಕೊಟ್ಟುಹೋದ. ಹೈಸ್ಕೂಲಿನ ಮಾಸ್ತರರು ಓದಿ ಹೇಳಿದರು. ಉಗಿಯನ್ನು ಮೇಲಿನಿಂದ ಕೊಟ್ಟು ಕೆಳಗಿನಿಂದ ಎಳೆದುಕೊಳ್ಳುವ ಯಂತ್ರಕ್ಕೆ ಆ ಕಾರ್ಖಾನೆ ಪೇಟೆಂಟ್ ಪಡೆದಿದೆ, ಅಂದರೆ ಅದನ್ನು ಮಾಡುವ ಹಕ್ಕು ಅವರೊಬ್ಬರದೇ, ನಾವು ಬಳಸುತ್ತಿರುವುದು ಅವರ ಸೊತ್ತು, ನಿಲ್ಲಿಸದಿದ್ದರೆ ಕೋರ್ಟು. ಜೊತೆಗೆ ಒಂದು ನಕ್ಷೆ ಇತ್ತು. ಇವರಿಗೆ ಇಂಗ್ಲಿಷ್ ಬಾರದು, ಆದರೆ ನಕ್ಷೆ ಓದಲು ಯಾವ ಮಾಸ್ತರೂ ಬೇಕಿರಲಿಲ್ಲ. ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಅಚ್ಚು ಇಟ್ಟು, ಬೆರಳಾಡಿಸುತ್ತ ಹೋದರು. ಬೆರಳು ಉಗಿಯ ಪೈಪಿನ ಹತ್ತಿರ ಬಂದು ನಿಂತಿತು. ನಕ್ಷೆಯಲ್ಲೂ ಪೈಪು ಕೆಳಗೆ ಬಾಗಿ ಮೇಲಕ್ಕೆದ್ದಿತ್ತು.

ಅವರು ತಲೆ ಎತ್ತಿ ನನ್ನನ್ನು ನೋಡಿದರು.

"ಯಾರಿಗಾರ ತೋರಿಸಿದ್ದ್ಯೇನು?"

"ಇಲ್ಲ," ಅಂದೆ.

ಒಂದು ಶಬ್ದ. ಹೌದು ಅನ್ನುವುದಕ್ಕೂ ಅಷ್ಟೇ ಉಸಿರು ಬೇಕಿತ್ತು. ಅವರು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ನನ್ನ ಮಾತನ್ನು ಅವರು ಯಾವತ್ತೂ ಎರಡನೆಯ ಸಲ ಕೇಳಿದವರಲ್ಲ, ಅದೇ ನನ್ನನ್ನು ಕೊಂದಿತು. ಮಾಸ್ತರರು ಬಾಗಿನ ಬಗ್ಗೆ ಬರೆದದ್ದನ್ನು ಓದಿ ಹೇಳಿದರು: ಉಗಿಯಲ್ಲಿನ ನೀರು ಆ ಬಾಗಿನಲ್ಲಿ ಇಳಿದು ನಿಲ್ಲುತ್ತದೆ, ಬಟ್ಟೆಗೆ ಒಣ ಉಗಿ ಮಾತ್ರ ಹೋಗುತ್ತದೆ, ಅದಕ್ಕೇ ಕಲೆ ಬೀಳುವುದಿಲ್ಲ. ಇವರು ಬಾಯಿ ತೆರೆದುಕೊಂಡು ಕೇಳಿಸಿಕೊಂಡರು. ನಾವು ನಾಲ್ಕು ವರ್ಷ ಕಲೆ ಬೀಳದೆ ಬಟ್ಟೆ ಮಾಡಿದ್ದು ಯಾಕೆ ಎಂದು ಅವರಿಗೆ ಆಗ ಗೊತ್ತಾಯಿತು.

"ನಾ ತೊಲಿ ಅಡ್ಡ ಬಂತಂತ ಬಾಗಿಸಿದೆ," ಅಂದರು. "ಆತ ತಿಳದ ಮಾಡ್ಯಾನ. ನನಗಿಂತ ಛಲೋ ಹೊಳದತಿ ಅವಂಗ."

ಅವತ್ತಿನಿಂದ ಅವರು ಕುಗ್ಗಿಹೋದರು. ಯಂತ್ರ ಹೋಗುವುದಕ್ಕಿಂತ ದೊಡ್ಡ ನಷ್ಟ ಅವರಿಗೆ ಆಗಿತ್ತು, ಅದು ನನಗೊಬ್ಬಳಿಗೇ ಗೊತ್ತಿತ್ತು. ತಾನು ಮೊದಲಿಗನಲ್ಲ, ಎಲ್ಲೋ ದೂರದಲ್ಲಿ ಒಬ್ಬ ಕಲಿತವನು ಇದನ್ನೇ ಇನ್ನೂ ಚೆನ್ನಾಗಿ ಯೋಚಿಸಿದ್ದ, ತಾನು ಅರ್ಥವಿಲ್ಲದೆ ಕಬ್ಬಿಣ ಬಾಗಿಸಿದವನು ಎಂದು ಅವರು ನಂಬಿಬಿಟ್ಟರು. ಜಿನ್ನಿನ ಕೆಲಸದಲ್ಲೂ ಒಂದು ನಟ್ಟು ಬಿಗಿದು ಮೂರು ಸಲ ಮುಟ್ಟಿ ನೋಡುವಂತಾದರು. ನಾನು ಹೇಳಬೇಕಿತ್ತು. ರೊಟ್ಟಿ ಬಡಿಯುವಾಗ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ, ಊಟಕ್ಕೆ ಕೂತಾಗ ಅಂದುಕೊಳ್ಳುತ್ತಿದ್ದೆ. ಅವರು ತಾಟಿನ ಮುಂದೆ ಕೂತು ನನ್ನ ಮುಖ ನೋಡಿದರೆ ಇನ್ನೊಂದು ರೊಟ್ಟಿ ಬಡಿಸಿ ಎದ್ದು ಹೋಗುತ್ತಿದ್ದೆ. ಆಣೆ ಹಾಕಿಸಿದವಳು ನಾನು, ಮುರಿದವಳೂ ನಾನೇ.

ಕೇಸು ಬಿತ್ತು. ಧಾರವಾಡದ ವಕೀಲರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಅವರು ಕಾನೂನನ್ನು ನಮಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಕಾರ್ಖಾನೆಯವರು ಅರ್ಜಿ ಹಾಕುವ ಮೊದಲೇ ಈ ಯಂತ್ರ ಇಲ್ಲಿ ಎಲ್ಲರಿಗೂ ಕಾಣುವಂತೆ ನಡೆದಿತ್ತು ಎಂದು ತೋರಿಸಿದರೆ ಅವರ ಪೇಟೆಂಟ್ ನಿಲ್ಲುವುದಿಲ್ಲ. ನೋಡಿದವರು ನಾಲ್ಕು ಜನ ಬಂದು ಹೇಳಿದರೆ ಸಾಕು. ಯಾರೂ ನೋಡಿಲ್ಲ ಎಂದು ಇವರು ಹೇಳಿದರು. ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು.

"ಯಾರೂ ನೋಡಲಾರದಂಗ ಬಳಸಿದ್ದು ಕಾನೂನಿಗೆ ಬಳಸಿದಂಗ ಅಲ್ಲ ತಾಯಿ. ಊರ ಕಣ್ಣಿಗೆ ಬಿದ್ದಿರಬೇಕು."

ಊರ ಕಣ್ಣಿಗೆ ಬೀಳಬಾರದೆಂದೇ ನಾನು ಆರು ಚೀಲ ಬಿಚ್ಚಿದ್ದೆ. ಮತ್ತೇನಾದರೂ ಹೇಳುವುದಿದೆಯೇ ಎಂದು ಅವರು ಕೇಳಿದರು. ಇವರು ಇಲ್ಲ ಎಂದರು. ನಾನು ಸೆರಗಿನ ತುದಿ ಸುತ್ತುತ್ತ ಕೂತಿದ್ದೆ. ವಕೀಲರು ನಮ್ಮ ಕೈಫಿಯತ್ತು, ಅಂದರೆ ಕೋರ್ಟಿಗೆ ಕೊಡುವ ನಮ್ಮ ಕಡೆಯ ಉತ್ತರ, ಬರೆಸಿದರು. ಆ ಮನುಷ್ಯ ನಮ್ಮ ಮನೆಗೆ ಬಂದದ್ದು ಅದರಲ್ಲಿ ಇರಲಿಲ್ಲ. ತೀರ್ಪು ಬರುವವರೆಗೆ ಯಂತ್ರ ನಡೆಸುವುದಿಲ್ಲವೆಂದು ಇವರು ಕೋರ್ಟಿಗೆ ಬರೆದುಕೊಟ್ಟರು. ಪರದೆ ಹಾಗೇ ಇತ್ತು. ಅದರ ಹಿಂದೆ ಯಂತ್ರ ತಣ್ಣಗೆ ಕೂತಿತ್ತು.

ಸಾಕ್ಷಿಗಾಗಿ ಅಲೆದೆವು. ಬಾಜು ಮನೆಯ ಅವ್ವನ ಹತ್ತಿರ ಹೋದೆ. ಇಪ್ಪತ್ತು ವರ್ಷದಿಂದ ನಮ್ಮ ನಡುವೆ ಒಂದೇ ಗೋಡೆ. ದಿನಾ ಸ್ನಾನ ಮಾಡಿ ಲಿಂಗಪೂಜೆ ಆಗದೆ ಗುಟುಕು ನೀರು ಕುಡಿಯದ ಮುದುಕಿ. ನನ್ನ ಮೇಲೆ ಅವಳಿಗೆ ಜೀವ. ಫ್ಯಾನಿನ ಸದ್ದು ಕೇಳಿದ್ದೇನೆ, ಹಿಟ್ಟಿನ ಗಿರಣಿ ಇಟ್ಟಿದ್ದೀರೆಂದು ತಿಳಿದಿದ್ದೆ ಎಂದಳು. ನೋಡಿದ್ದೇನೆಂದು ಒಂದು ಮಾತು ಹೇಳೆಂದು ನಾನು ನಾಚಿಕೆ ಬಿಟ್ಟು ಅವಳ ಕಾಲು ಹಿಡಿದೆ. ಅವಳು ನನ್ನನ್ನು ಎಬ್ಬಿಸಿ ಅತ್ತಳು.

"ಸುಳ್ಳು ಹೇಳಿ ಮುಂಜಾನೆ ಲಿಂಗ ಹೆಂಗ ಮುಟ್ಲಿ ನಾ? ಹಂಡೆ ನೋಡೀನಿ, ಹಂಡೇನ ಹೇಳತೀನಿ."

ಅವಳಷ್ಟೇ ಅಲ್ಲ, ಓಣಿಗೆ ಓಣಿಯೇ ಹಂಡೆ ನೋಡಿತ್ತು. ಜಿನ್ನಿನ ಮಾಲೀಕರು ಫ್ಯಾನು ಕೊಟ್ಟದ್ದನ್ನು ಒಪ್ಪಿದರು, ಜೋಳ ತೂರುವುದಕ್ಕೆ ಎಂದರು. ಸುಳ್ಳಾಡಿದವರು ನಾವು, ಊರಿನ ಜನ ನಿಜವನ್ನೇ ಹೇಳುತ್ತಿದ್ದರು. ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ. ನನ್ನಂಥವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಯಮನೂರಿನ ಚಾದರ ನೆನಪಾದದ್ದು ಇವರಿಗೆ. ಹಿಂಬದಿಯಲ್ಲಿ ಚುಕ್ಕೆಯಿದ್ದ ಮೊದಲ ಬಟ್ಟೆ. ಮರುದಿನವೇ ಬಸ್ಸು ಹಿಡಿದೆವು. ದರ್ಗಾದ ಹಿರಿಯರು ಒಪ್ಪಿಸಿದ ಚಾದರಗಳನ್ನೆಲ್ಲ ಪ್ರಸಾದವಾಗಿ ಹಂಚುತ್ತೇವೆ, ಯಾವುದು ಯಾರ ಮನೆಗೆ ಹೋಯಿತೋ ಹೇಳಲಾಗದು ಎಂದರು. ಆದರೂ ನಮ್ಮ ಮುಖ ನೋಡಿ ಕನಿಕರವಾಯಿತೇನೋ, ಊರೊಳಗೆ ನಾಲ್ಕು ಮನೆ ತಿರುಗಿಸಿದರು. ಐದನೆಯ ಮನೆಯ ಕಟ್ಟೆಯ ಮೇಲೆ ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಒಂದು ಕೌದಿ ಒಣಹಾಕಿತ್ತು. ಅದರ ನಡುವೆ ಒಂದು ಹಸಿರು ತುಂಡು. ನಾನು ಓಡಿಹೋಗಿ ಮಗುಚಿ ನೋಡಿದೆ. ನನ್ನ ಬಣ್ಣ ನನಗೆ ಗೊತ್ತಾಗದೇ? ಚುಕ್ಕೆಗಳಿದ್ದವು, ಸಾಲಾಗಿ, ಎಷ್ಟೋ ಒಗೆತ ಕಂಡರೂ ಹೋಗದೆ. ಆ ಮನೆಯ ಹೆಣ್ಣುಮಗಳು ಯಾವ ವರ್ಷ ತಂದದ್ದೆಂದು ಸಹ ಹೇಳಿದಳು, ಅವಳ ಮಗು ಹುಟ್ಟಿದ ವರ್ಷ. ಕೌದಿಯನ್ನೇ ಕೊಟ್ಟಳು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಇವರ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಜೀವ ಕಂಡೆ.

ವಕೀಲರು ಕೌದಿಯನ್ನು ಬಿಚ್ಚಿ, ಮಡಿಸಿ, ಮತ್ತೆ ಬಿಚ್ಚಿ ನೋಡಿದರು. ಬಟ್ಟೆ ನೋಡಿ ಯಂತ್ರ ಹೀಗಿತ್ತು ಎಂದು ಯಾರಿಗೂ ತಿಳಿಯುವುದಿಲ್ಲ ಎಂದರು. ಚುಕ್ಕೆ ಯಾವುದರಿಂದಲಾದರೂ ಬೀಳಬಹುದು. ಗುಟ್ಟಾಗಿ ಮಾಡಿದ ಯಂತ್ರದ ಬಟ್ಟೆ ಊರೆಲ್ಲ ಹಂಚಿದರೂ ಯಂತ್ರ ಗುಟ್ಟಾಗಿಯೇ ಉಳಿಯುತ್ತದೆ. ಇವರು ಕೌದಿಯನ್ನು ಸುತ್ತಿ ಬಗಲಲ್ಲಿಟ್ಟುಕೊಂಡರು. ಇನ್ನು ಏನೂ ಉಳಿದಿಲ್ಲ ಎಂದು ನನಗೆ ಅವತ್ತು ಗೊತ್ತಾಯಿತು. ನನ್ನ ಬಾಯೊಳಗಿದ್ದದ್ದೊಂದನ್ನು ಬಿಟ್ಟು.

ಕೋರ್ಟಿನಲ್ಲಿ ಮೊದಲು ಇವರ ಸಾಕ್ಷಿಯಾಯಿತು. ಪೈಪು ಯಾಕೆ ಬಾಗಿಸಿದಿರಿ ಎಂದು ಆ ಕಡೆಯ ವಕೀಲರು ಕೇಳಿದರು. ತೊಲೆ ಅಡ್ಡ ಇತ್ತು ಎಂದು ಇವರು ನಿಜ ಹೇಳಿದರು. ತಾನು ಮಾಡಿದ್ದರ ಅರ್ಥವೇ ಗೊತ್ತಿಲ್ಲದವನು ಅದನ್ನು ಕಂಡುಹಿಡಿದ ಎನ್ನುತ್ತಾರೆ, ದಯವಿಟ್ಟು ಗಮನಿಸಬೇಕು ಎಂದು ಆ ವಕೀಲರು ನ್ಯಾಯಾಧೀಶರ ಕಡೆ ತಿರುಗಿದರು. ಇವರು ತಲೆ ತಗ್ಗಿಸಿಕೊಂಡು ಕಟಕಟೆಯಿಂದ ಇಳಿದರು. ಇಳಿಯುವಾಗ ಮೆಟ್ಟಿಲು ತಪ್ಪಿ ಕೈ ಊರಿದರು. ಅದು ಮುರಿದಿದ್ದ ಬೆರಳುಗಳ ಕೈ.

ಆಮೇಲೆ ನನ್ನನ್ನು ಕರೆದರು. ಪರದೆ ಇತ್ತೇ? ಇತ್ತು. ಹಂಡೆಯಲ್ಲಿ ಬೇಯಿಸುತ್ತೇವೆಂದು ಎಲ್ಲರಿಗೂ ಹೇಳುತ್ತಿದ್ದಿರೇ? ಹೇಳುತ್ತಿದ್ದೆ. ಹಾಗಿದ್ದರೆ ಆ ಯಂತ್ರವನ್ನು ನಿಮ್ಮಿಬ್ಬರ ಹೊರತು ಯಾರೂ ನೋಡಿಲ್ಲ, ಅಲ್ಲವೇ? ಹೌದು ಎಂದು ನಾನು ಹೇಳುವುದಷ್ಟೇ ಬಾಕಿ, ಅವರು ಆಗಲೇ ಕಾಗದ ಮಡಿಸುತ್ತಿದ್ದರು. ಕಾರ್ಖಾನೆಯವರ ಬೆಂಚಿನಲ್ಲಿ ಆ ಮನುಷ್ಯ ಕೂತಿದ್ದ. ಬಿಳಿ ಅಂಗಿ, ಕೈಗಡಿಯಾರ. ಅವನು ನನ್ನನ್ನು ನೋಡುತ್ತಿರಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದ. ನಾನು ಬೆರಳು ತೋರಿಸಿದೆ.

"ಅವರು ನೋಡ್ಯಾರ. ನಾನ ತೋರಿಸೀನಿ. ನಮ್ಮನಿಯಾಗ ಉಂಡು, ಪರದೆ ಸರಿಸಿ ನೋಡಿ ಹೋಗ್ಯಾರ."

ನನ್ನ ಗಂಡನ ಕಡೆ ತಿರುಗುವ ಧೈರ್ಯವಾಗಲಿಲ್ಲ. ಅವರು ಕೂತಿದ್ದ ಬೆಂಚು ಕಿರುಗುಟ್ಟಿದ್ದು ಕೇಳಿಸಿತು. ಎಲ್ಲವನ್ನೂ ಹೇಳಿದೆ: ನೀರಿನ ಗುಣ ಎಂದದ್ದು, ತಿರುಪು ಬಿಚ್ಚಿ ಅಂಗೈಗೆ ನೀರು ಬಿಟ್ಟುಕೊಂಡದ್ದು. ಆ ಕಡೆಯ ವಕೀಲರು ಸ್ವಲ್ಪವೂ ಗಾಬರಿಯಾಗಲಿಲ್ಲ. ನಮ್ಮ ಕೈಫಿಯತ್ತನ್ನು ಎತ್ತಿ ತೋರಿಸಿ, ಇದರಲ್ಲಿ ಈ ಕಥೆ ಎಲ್ಲಿದೆ ಎಂದು ಕೇಳಿದರು. ಇರಲಿಲ್ಲ. ಇಷ್ಟು ದೊಡ್ಡ ಮಾತನ್ನು ವಕೀಲರಿಗೂ ಹೇಳಿರಲಿಲ್ಲವೇ? ಇಲ್ಲ. ಗಂಡನಿಗೆ? ಇಲ್ಲ.

"ಇಷ್ಟು ವರ್ಷ ಊರಿಗೆಲ್ಲಾ ಸುಳ್ಳು ಹೇಳೀರಿ, ಗಂಡಗೂ ಹೇಳೀರಿ," ಅಂದರು. ಧ್ವನಿ ಏರಿಸಲಿಲ್ಲ. "ಇವತ್ತೊಂದಿನ ಖರೇ ಹೇಳತೀರಿ ಅಂತ ಹೆಂಗ ನಂಬಬೇಕ್ರಿ?"

ನಾನು ಕಟಕಟೆಯ ಮೆಟ್ಟಿಲು ಇಳಿದು ಬಂದೆ.

ಹೊರಗೆ ಬಂದ ಮೇಲೆ ನಮ್ಮ ವಕೀಲರು, ಮೊದಲ ದಿನ ಹೇಳಿದ್ದರೆ ಬರೆಯುತ್ತಿದ್ದೆನಲ್ಲ ತಾಯಿ ಎಂದಷ್ಟೇ ಹೇಳಿ ಛತ್ರಿ ಬಿಚ್ಚಿಕೊಂಡು ಹೋದರು. ನಾವು ಸ್ಟೇಷನ್ನಿಗೆ ನಡೆದೆವು. ಹುಬ್ಬಳ್ಳಿಯಲ್ಲಿ ಇಳಿದು ಗದಗಿನ ಗಾಡಿಗೆ ಕಾಯಬೇಕು. ಅಲ್ಲಿ ಅವರು ಬೆಂಚಿನ ಒಂದು ತುದಿಯಲ್ಲಿ ಕೂತರು, ನಾನು ನೆಲದ ಮೇಲೆ ಕೂತೆ. ಬಯ್ಯಲಿ ಎಂದು ಕಾದೆ, ಹೊಡೆದರೂ ಹೊಡೆಯಲಿ ಎಂದುಕೊಂಡೆ. ಅವರು ಹಳಿ ನೋಡುತ್ತ ಕೇಳಿದರು.

"ಅಂದ್ರ, ಆತ ನಂದ ನೋಡಿ ಮಾಡಿದ್ದು?"

"ಹೌದ್ರಿ."

"ಮೊದಲ ನಾನ ಮಾಡಿದ್ದು."

"ಹೌದ್ರಿ. ನೀವ."

ಅವರು ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ಇಷ್ಟು ದಿನ ಅವರನ್ನು ಒಳಗೊಳಗೇ ತಿಂದದ್ದು ಏನೆಂದು ನನಗೆ ಗೊತ್ತಿದ್ದರೂ ಅಷ್ಟು ಆಳ ಇತ್ತೆಂದು ಗೊತ್ತಿರಲಿಲ್ಲ. ಒಂದು ಮಾತಿನಿಂದ ಇಳಿಸಬಹುದಾಗಿದ್ದ ಭಾರವನ್ನು ನಾನು ಒಂದೂವರೆ ವರ್ಷ ಅವರ ತಲೆಯ ಮೇಲೆ ಇಟ್ಟಿದ್ದೆ. ಗಾಡಿ ಬಂತು. ಕಿಟಕಿಯ ಹತ್ತಿರದ ಜಾಗ ನನಗೆ ಬಿಟ್ಟುಕೊಟ್ಟು, ಅಣ್ಣಿಗೇರಿ ಬರುವವರೆಗೆ ಅವರು ಬೇರೆ ಕಡೆ ನೋಡುತ್ತ ನಿಂತಿದ್ದರು. ಅವತ್ತಿನ ನಂತರ ನನ್ನ ಮಾತನ್ನು ಅವರು ಎರಡನೆಯ ಸಲ ಕೇಳಿ ಖಾತ್ರಿ ಮಾಡಿಕೊಳ್ಳತೊಡಗಿದರು. ಬಾಗಿಲು ಹಾಕಿದೆಯಾ ಎಂಬ ಮಾತನ್ನೂ.

ತೀರ್ಪು ನಮ್ಮ ವಿರುದ್ಧ ಬಂತು. ಯಂತ್ರ ಬಿಚ್ಚಬೇಕು, ಮತ್ತೆ ಕಟ್ಟಬಾರದು. ಬಿಚ್ಚುವ ದಿನ ಬೆಳಿಗ್ಗೆ ನಾನೇ ಕತ್ತರಿ ತೆಗೆದುಕೊಂಡು ಪರದೆಯನ್ನು ಮೇಲಿನಿಂದ ಕೆಳಗೆ ಕತ್ತರಿಸಿದೆ. ಶೆಡ್ಡಿನಲ್ಲಿ ಜಾಗ ಸಾಲದೆ ಒಂದೊಂದೇ ಭಾಗವನ್ನು ಅಂಗಳಕ್ಕೆ ತಂದಿಟ್ಟರು. ಓಣಿಯ ಜನ ಬಂದರು. ಜಿನ್ನಿನವರು ಬಂದರು, ಸಂತೆಗೆ ಹೊರಟವರು ಸೈಕಲ್ಲು ನಿಲ್ಲಿಸಿ ಬಂದರು. ಇದೇನು ಎಂದು ಕೇಳಿದವರಿಗೆಲ್ಲ ಇವರು ತೂತಿನ ಹಾಳೆ ಎತ್ತಿ ಹಿಡಿದು, ಉಗಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಬಾಗು ಯಾಕೆ ಬೇಕು, ಎಲ್ಲ ವಿವರಿಸಿದರು. ಬೇಸರವಿಲ್ಲದೆ, ಬಂದವರಿಗೆಲ್ಲ ಮೊದಲಿನಿಂದ. ಬಾಜು ಮನೆಯ ಅವ್ವ ಕೋಲೂರಿಕೊಂಡು ಬಂದು ಪೆಟ್ಟಿಗೆಯನ್ನು ಮುಟ್ಟಿ ನೋಡಿದಳು. ಇದನ್ನು ಒಂದು ಸಲ ತೋರಿಸಿದ್ದರೆ ಧಾರವಾಡದವರೆಗೂ ನಡೆದುಬಂದು ಹೇಳುತ್ತಿದ್ದೆನಲ್ಲವಾ ಎಂದಳು. ಮಧ್ಯಾಹ್ನದ ಹೊತ್ತಿಗೆ ನಮ್ಮ ಅಂಗಳದಲ್ಲಿ ನಿಲ್ಲಲು ಜಾಗವಿರಲಿಲ್ಲ. ಅಷ್ಟು ಸಾಕ್ಷಿಗಳು.

ಹೊಟ್ಟೆಯ ಪಾಡು ನಡೆಯಬೇಕಲ್ಲ, ಮುಂದಿನ ವಾರ ಮತ್ತೆ ಅಚ್ಚು ಹೊಡೆದೆವು. ಅಂಗಳದ ಹಂಡೆಗೆ ನೀರು ತುಂಬಿ, ಹನ್ನೆರಡು ಸೀರೆ ಸುತ್ತಿ ಒಳಗೆ ತೂಗಿಬಿಟ್ಟು, ಮುಚ್ಚಳಕ್ಕೆ ಹಿಟ್ಟು ಮೆತ್ತಿದೆ. ಇವರು ಒಲೆಗೆ ಕಟ್ಟಿಗೆ ಒಡ್ಡುತ್ತಿದ್ದರು. ಹಾದಿಯಲ್ಲಿ ಹೊರಟಿದ್ದ ಪರವೂರಿನ ಹೆಂಗಸೊಬ್ಬಳು ನಿಂತು, ಬಣ್ಣ ಹೇಗೆ ನಿಲ್ಲಿಸುತ್ತೀರವ್ವ ಎಂದು ಕೇಳಿದಳು. ಬಾಯಿಗೆ ರೂಢಿಯಾಗಿದ್ದ ಮಾತು ತಾನಾಗಿಯೇ ಬಂತು.

"ಹಂಡೇದಾಗ ಬೇಯಸ್ತೀವ್ರಿ."

ಹೌದೇನು ಎಂಬಂತೆ ಅವಳು ಇವರ ಕಡೆ ನೋಡಿದಳು. ಅವರು ಬೆಂಕಿಯಿಂದ ತಲೆ ಎತ್ತದೆ ಹೇಳಿದರು, "ಖರೇ ಹೇಳಾಕತ್ತಾಳ."